ಟ್ರಂಕ್ ರೇಡಿಯೋ: ಜಾಗ ಬದಲಿಸುತ್ತಲೇ ಇರುವ ಮಾತನ್ನು ಸ್ಕ್ಯಾನರ್ ಹಿಂಬಾಲಿಸುವುದು ಹೇಗೆ?

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಪ್ಪನಿಗೋ ತಮ್ಮನಿಗೋ ರೇಡಿಯೋ ಹುಚ್ಚಿದೆ ಅಂತ ಗೊತ್ತಿದ್ದರೆ ರಜೆಗೆ ಬರುವಾಗ ಅಲ್ಲಿಂದ ಒಂದು ಸ್ಕ್ಯಾನರ್, ಅಂದರೆ ವಾಕಿಟಾಕಿಗಳ ಮಾತನ್ನು ಹುಡುಕಿ ಕೇಳಿಸುವ ರೇಡಿಯೋ, ತಂದುಕೊಡುವುದೂ ಉಂಟು. ಇಲ್ಲಿ ಆನ್ ಮಾಡಿದರೆ ಅದು ಸುಮ್ನೆ ಕೂರುತ್ತದೆ. ಒಳಗೆ ತುಂಬಿರುವ ಪಟ್ಟಿ ಪೂರ್ತಿ ಅಮೆರಿಕ ಮತ್ತು ಕೆನಡಾದ್ದು. ಅದು ಕೇಳುವುದು ಅಲ್ಲಿನ ಪಿನ್‌ಕೋಡ್, ನಮ್ಮ 577201 ಅದಕ್ಕೆ ಗೊತ್ತಿಲ್ಲ. ಇನ್ನೊಂದು ಕಡೆ, ಕಂಪ್ಯೂಟರಿಗೆ ಸಿಕ್ಕಿಸಿದರೆ ರೇಡಿಯೋ ಆಗುವ ಸಣ್ಣ ಡಾಂಗಲ್‌ಗಳು ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರ ಕೈಗೆ ಬಂದಿವೆ. ಇದರ ನಡುವೆ 2025ರ ಮೇ ತಿಂಗಳಲ್ಲಿ, ಅನುಮತಿಯಿಲ್ಲದ ವಾಕಿಟಾಕಿಗಳನ್ನು ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಯಾವ ರೇಡಿಯೋ ಇಟ್ಟುಕೊಳ್ಳಬಹುದು, ಅದು ಏನೇನು ಕೇಳುತ್ತದೆ, ಹೇಗೆ ಕೇಳುತ್ತದೆ ಎಂಬ ಪ್ರಶ್ನೆಗಳು ಆಗಿನಿಂದ ಜಾಸ್ತಿಯಾಗಿವೆ.

ಇವುಗಳಲ್ಲಿ ತುಂಬಾ ಜನರಿಗೆ ತಲೆಕೆಡಿಸುವ ವಿಷಯ ಟ್ರಂಕಿಂಗ್. ಸ್ಕ್ಯಾನರಿನ ಪುಸ್ತಕ ತೆರೆದರೆ ಸಿಸ್ಟಮ್, ಸೈಟ್, ಟಾಕ್‌ಗ್ರೂಪ್, ಎಲ್‌ಸಿಎನ್ ಅಂತ ಒಂದೊಂದು ಪುಟಕ್ಕೂ ಹೊಸ ಪದ ಎದುರಾಗುತ್ತದೆ. ಆದರೆ ಹಿಂದಿನ ವಿಚಾರ ಒಂದೇ. ಅದೊಂದು ಮನಸ್ಸಿಗೆ ಇಳಿದರೆ ಉಳಿದ ಪದಗಳೆಲ್ಲ ತಾವಾಗಿಯೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಮೊದಲು ಸಾದಾ ರೇಡಿಯೋ

ಭದ್ರಾವತಿ ಆಕಾಶವಾಣಿ ಎಲ್ಲಿ ಸಿಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಳ್ಳನ್ನು ಆ ಜಾಗಕ್ಕೆ ತಂದರೆ ಆಯಿತು. ಬೆಳಿಗ್ಗೆಯೂ ಅಲ್ಲೇ, ರಾತ್ರಿಯೂ ಅಲ್ಲೇ. ಆ ಜಾಗಕ್ಕೆ ಫ್ರೀಕ್ವೆನ್ಸಿ ಅನ್ನುತ್ತೇವೆ.

ಸಾದಾ ವಾಕಿಟಾಕಿ ವ್ಯವಸ್ಥೆಯೂ ಹೀಗೇ. ಒಂದು ಇಲಾಖೆಗೆ ಒಂದು ಫ್ರೀಕ್ವೆನ್ಸಿ. ಅಗ್ನಿಶಾಮಕದವರಿಗೆ ಒಂದು, ನೀರು ಸರಬರಾಜಿನವರಿಗೆ ಇನ್ನೊಂದು, ಕಸದ ಲಾರಿಗಳಿಗೆ ಮತ್ತೊಂದು. ಸ್ಕ್ಯಾನರ್ ಅನ್ನುವುದು ಕೇಳುವುದಕ್ಕೆ ಮಾತ್ರ ಬರುವ ಸೆಟ್. ಅದರಿಂದ ಮಾತಾಡೋಕೆ ಆಗುವುದಿಲ್ಲ. ಕೊಟ್ಟ ಫ್ರೀಕ್ವೆನ್ಸಿಗಳ ಪಟ್ಟಿಯನ್ನು ಅದು ಒಂದಾದ ಮೇಲೊಂದರಂತೆ ಸರಸರ ನೋಡಿಕೊಂಡು ಹೋಗುತ್ತದೆ, ಎಲ್ಲಿ ಸದ್ದಿದೆಯೋ ಅಲ್ಲಿ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಓಟ ಶುರು.

ಇಲ್ಲಿ ಪ್ರೋಗ್ರಾಂ ಮಾಡುವುದು ಅಂದರೆ ಫ್ರೀಕ್ವೆನ್ಸಿ ಬರೆದು ಪಕ್ಕದಲ್ಲಿ ಹೆಸರು ಬರೆಯುವುದು, ಅಷ್ಟೇ. ವಿಮಾನಗಳ ಮಾತು ಇವತ್ತಿಗೂ ಈ ಸಾದಾ ಪದ್ಧತಿಯಲ್ಲೇ ಇದೆ. 118ರಿಂದ 137 ಮೆಗಾಹರ್ಟ್ಸ್ ನಡುವೆ ನಡೆಯುತ್ತದೆ. ಯಾವ ದೇಶದ ವಿಮಾನವಾದರೂ ಸೋಗಾನೆಯಲ್ಲಿ ಇಳಿಯಲಿ, ದುಬೈಯಲ್ಲಿ ಇಳಿಯಲಿ, ಒಬ್ಬರ ಮಾತು ಸುತ್ತಲಿನ ಎಲ್ಲ ಪೈಲಟ್‌ಗಳಿಗೂ ಕೇಳಿಸಬೇಕು. ಹಾಗಾಗಿ ಅಲ್ಲಿ ಸರಳವಾಗಿರುವುದೇ ಕ್ಷೇಮ.

ಚಾನೆಲ್ ಹಂಚಿಕೊಂಡರೆ ಯಾಕೆ ಲಾಭ?

ಒಂದು ಇಲಾಖೆಗೆ ಒಂದು ಚಾನೆಲ್, ಅಂದರೆ ಮಾತಾಡಲು ಒಂದು ಫ್ರೀಕ್ವೆನ್ಸಿ, ಕೊಟ್ಟರೆ ಏನಾಗುತ್ತದೆ ನೋಡಿ. ದಿನದ ಬಹುಪಾಲು ಹೊತ್ತು ಎಲ್ಲ ಚಾನೆಲ್ಲುಗಳೂ ಖಾಲಿ. ಎಲ್ಲೋ ಬೆಂಕಿ ಬಿದ್ದಾಗ ಅಗ್ನಿಶಾಮಕದ ಚಾನೆಲ್ಲಿನಲ್ಲಿ ಮಾತಾಡೋಕೆ ಸಂದೇ ಇಲ್ಲ, ಪಕ್ಕದ ನೀರಿನವರ ಚಾನೆಲ್ ಮಾತ್ರ ತೆಪ್ಪಗೆ ಬಿದ್ದಿರುತ್ತದೆ. ಫ್ರೀಕ್ವೆನ್ಸಿ ಬೇಕೆಂದಷ್ಟು ಸಿಗುವ ವಸ್ತುವಲ್ಲ, ಭೂಮಿಯ ಹಾಗೆ ಇದ್ದಷ್ಟೇ.

ಇದೇ ಸಮಸ್ಯೆ ಮೊದಲು ಟೆಲಿಫೋನಿನವರಿಗೆ ಬಂತು. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಎಷ್ಟು ತಂತಿ ಎಳೆದರೆ ಸಾಕು? ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞರು 1917ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಇವತ್ತಿನ ಮೊಬೈಲ್ ಟವರ್ ಲೆಕ್ಕದಲ್ಲೂ ಅವರ ಹೆಸರು ಬರುತ್ತದೆ. ಆ ಸೂತ್ರದ ಒಂದು ಲೆಕ್ಕ ಹೇಳುತ್ತೇನೆ. 100 ಸಲ ಮಾತಾಡಲು ಹೋದರೆ 2 ಸಲ ಮಾತ್ರ ಜಾಗ ಸಿಗದೇ ಇರಬಹುದು, ಅದಕ್ಕಿಂತ ಜಾಸ್ತಿ ಆಗಕೂಡದು ಅಂತ ಇಟ್ಟುಕೊಳ್ಳಿ. ಒಂದೇ ಚಾನೆಲ್ ಇದ್ದರೆ ಅದರಲ್ಲಿ ಗಂಟೆಗೆ ಸುಮಾರು 1.2 ನಿಮಿಷದಷ್ಟು ಮಾತನ್ನಷ್ಟೇ ಸಾಗಿಸಬಹುದು. ಇಂಥ 5 ಚಾನೆಲ್ಲುಗಳನ್ನು ಬೇರೆ ಬೇರೆ ಇಟ್ಟರೆ ಒಟ್ಟು 6 ನಿಮಿಷ. ಅದೇ 5 ಚಾನೆಲ್ಲುಗಳನ್ನು ಒಟ್ಟಿಗೆ ಸೇರಿಸಿ, ಯಾರಿಗೆ ಬೇಕಾದರೂ ಯಾವುದು ಖಾಲಿಯೋ ಅದು ಅಂತ ಬಿಟ್ಟರೆ, ಐದೂ ಚಾನೆಲ್ಲುಗಳ ಮಾತು ಕೂಡಿ ಗಂಟೆಗೆ ಸುಮಾರು 99 ನಿಮಿಷ! 10 ಚಾನೆಲ್ ಸೇರಿಸಿದರೆ ಸುಮಾರು 305 ನಿಮಿಷ. ಚಾನೆಲ್ ಎರಡು ಪಟ್ಟು, ಮಾತು ಮೂರು ಪಟ್ಟು. ಯಂತ್ರ ಹೊಸದಲ್ಲ, ಗಾಳಿಯಲ್ಲಿ ಜಾಗ ಹೊಸದಲ್ಲ, ಹಂಚಿಕೊಳ್ಳುವ ರೀತಿ ಮಾತ್ರ ಬದಲಾಯಿತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಕಾಣುವುದು ಇದೇ ಲೆಕ್ಕ.

ಹೀಗೆ ಚಾನೆಲ್ಲುಗಳನ್ನು ಒಂದೇ ರಾಶಿಯಲ್ಲಿಟ್ಟು ಬೇಕಾದಾಗ ಬೇಕಾದವರಿಗೆ ಕೊಡುವ ವ್ಯವಸ್ಥೆಯೇ ಟ್ರಂಕಿಂಗ್.

ಯಾರು ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಯಾರು?

ಶಿವಮೊಗ್ಗದ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ಸಾಗರದ ಬಸ್ಸಿಗೆ ಇದೇ ಅಂಕಣ, ತೀರ್ಥಹಳ್ಳಿಯದಕ್ಕೆ ಅದೇ ಅಂಕಣ ಅಂತ ನಿಗದಿ ಇಲ್ಲ, ಬಂದ ಬಸ್ಸು ಖಾಲಿ ಇರುವ ಅಂಕಣಕ್ಕೆ ನುಗ್ಗುತ್ತದೆ ಅಂದುಕೊಳ್ಳಿ. ಆಗ ಪ್ರಯಾಣಿಕರಿಗೆ ದಿಕ್ಕು ಮೈಕು ಮಾತ್ರ. ‘ಸಾಗರಕ್ಕೆ ಹೋಗುವವರು 3ನೇ ಅಂಕಣಕ್ಕೆ ಬನ್ನಿ’ ಅಂತ ಕೂಗಿದ ತಕ್ಷಣ ಸಾಗರದವರು ಅಲ್ಲಿಗೆ ಓಡುತ್ತಾರೆ, ತೀರ್ಥಹಳ್ಳಿಯವರು ಕದಲುವುದಿಲ್ಲ. ಮುಂದಿನ ಸಾಗರದ ಬಸ್ಸು 7ನೇ ಅಂಕಣಕ್ಕೆ ಬರಬಹುದು.

ಟ್ರಂಕ್ ರೇಡಿಯೋದಲ್ಲಿ ಆ ಮೈಕಿಗೆ ಕಂಟ್ರೋಲ್ ಚಾನೆಲ್ ಅನ್ನುತ್ತಾರೆ. ಅಂಕಣಗಳು ಅಂದರೆ ಮಾತು ನಡೆಯುವ ಫ್ರೀಕ್ವೆನ್ಸಿಗಳು. ‘ಸಾಗರಕ್ಕೆ ಹೋಗುವವರು’ ಅನ್ನುವುದು ಟಾಕ್‌ಗ್ರೂಪ್, ಅಂದರೆ ಒಟ್ಟಿಗೆ ಮಾತಾಡುವ ಒಂದು ಗುಂಪು. ಪ್ರತಿ ಗುಂಪಿಗೂ ಒಂದು ನಂಬರ್ ಇರುತ್ತದೆ.

ಹಳೆಯ ಸ್ಕ್ಯಾನರ್ ಇಟ್ಟುಕೊಂಡು ಇಂಥ ವ್ಯವಸ್ಥೆ ಕೇಳಲು ಹೋದವರ ಕಷ್ಟ ಈಗ ಅರ್ಥವಾಗುತ್ತದೆ ಅಲ್ವಾ? ಅವರು 3ನೇ ಅಂಕಣದಲ್ಲೇ ಕಾದು ಕುಳಿತವರು. ಮೊದಲು ಸಾಗರದ ಮಾತು, ಅದರ ಬೆನ್ನಿಗೇ ಹೊಸನಗರದ್ದು, ಆಮೇಲೆ ಇನ್ಯಾವುದೋ. ಪ್ರಶ್ನೆ ಒಂದು ಕಡೆ ಕೇಳಿಸಿದರೆ ಉತ್ತರ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಹೋಗಿರುತ್ತದೆ. ಟ್ರಂಕಿಂಗ್ ಬಲ್ಲ ಸ್ಕ್ಯಾನರ್ ಮಾತ್ರ ಮೈಕಿಗೆ ಕಿವಿಗೊಡುತ್ತದೆ. ಯುನಿಡೆನ್ ಕಂಪನಿ 1997ರಲ್ಲಿ ತಂದ ಬೇರ್‌ಕ್ಯಾಟ್ 235 ಈ ಕೆಲಸ ಮಾಡಿದ ಮೊದಲ ಸ್ಕ್ಯಾನರ್.

ಗುಂಡಿ ಒತ್ತಿದ ಮೇಲೆ ಏನಾಗುತ್ತದೆ

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಮೆರಿಕದ ಒಂದು ಊರಿನಲ್ಲಿ ಲಾರಿ ಚಾಲಕರೊಬ್ಬರು ವಾಕಿಟಾಕಿಯ ಗುಂಡಿ ಒತ್ತುತ್ತಾರೆ. ಅವರ ಸೆಟ್ ಅಲ್ಲಿಯವರೆಗೂ ಕಂಟ್ರೋಲ್ ಚಾನೆಲ್ ಕೇಳುತ್ತಾ ಇರುತ್ತದೆ. ಗುಂಡಿ ಒತ್ತಿದೊಡನೆ ‘ನಾನು ಇಂಥ ನಂಬರಿನ ಸೆಟ್, 4021ನೇ ಗುಂಪಿಗೆ ಮಾತಾಡಬೇಕು’ ಅಂತ ಒಂದು ಸಣ್ಣ ಡೇಟಾ ಸಂದೇಶ ಟವರಿಗೆ ಹೋಗುತ್ತದೆ. ಅಲ್ಲಿನ ಕಂಪ್ಯೂಟರ್ ಖಾಲಿ ಚಾನೆಲ್ ಹುಡುಕಿ, ‘4021ರವರು 501ನೇ ಚಾನೆಲ್ಲಿಗೆ ಹೋಗಿ’ ಅಂತ ಕಂಟ್ರೋಲ್ ಚಾನೆಲ್ಲಿನಲ್ಲಿ ಸಾರುತ್ತದೆ. ಆ ಗುಂಪಿನ ಎಲ್ಲ ಸೆಟ್ಟುಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿಗೆ ಹಾರುತ್ತವೆ. ಚಾಲಕರಿಗೆ ಕೇಳಿಸುವುದು ‘ಪೀಪ್’ ಅನ್ನುವ ಸದ್ದು, ಅಂದರೆ ಮಾತಾಡಿ ಅಂತ. ಗುಂಡಿ ಬಿಟ್ಟಾಗ ಎಲ್ಲರೂ ಮತ್ತೆ ಕಂಟ್ರೋಲ್ ಚಾನೆಲ್ಲಿಗೆ ವಾಪಸ್.

501 ಅನ್ನುವುದು ಫ್ರೀಕ್ವೆನ್ಸಿ ಅಲ್ಲ, ಬರೀ ನಂಬರ್. ಅದನ್ನು ಫ್ರೀಕ್ವೆನ್ಸಿ ಮಾಡುವ ಲೆಕ್ಕವನ್ನೂ ಈ ವ್ಯವಸ್ಥೆ ತಾನೇ ಸಾರುತ್ತಿರುತ್ತದೆ. ಶುರುವಿನ ಫ್ರೀಕ್ವೆನ್ಸಿ 851.00625 ಮೆಗಾಹರ್ಟ್ಸ್, ಒಂದೊಂದು ಹೆಜ್ಜೆ 6.25 ಕಿಲೋಹರ್ಟ್ಸ್ ಅಂತಿದ್ದರೆ, 501 ಹೆಜ್ಜೆ ಅಂದರೆ 3.13125 ಮೆಗಾಹರ್ಟ್ಸ್. ಕೂಡಿದರೆ 854.1375. ಸ್ಕ್ಯಾನರ್ ಮಾಡುವುದೂ ಇದೇ ಕೂಡುವ ಲೆಕ್ಕ. ಪಟ್ಟಿಯಲ್ಲಿ 4021 ಇದ್ದರೆ 854.1375ಕ್ಕೆ ಹೋಗಿ ಕೇಳುತ್ತದೆ, ಇಲ್ಲದಿದ್ದರೆ ಆ ಕೂಗನ್ನು ಬಿಟ್ಟು ಮುಂದಿನ ಕೂಗಿಗೆ ಕಾಯುತ್ತದೆ.

ಸಾದಾ ಸ್ಕ್ಯಾನರಿನಲ್ಲಿ ಕಂಟ್ರೋಲ್ ಚಾನೆಲ್ ಕೇಳಿದರೆ ಬಿಡುವೇ ಇಲ್ಲದ ಗರ್ರ್ ಸದ್ದು. ಮಾತಾಡುವ ಚಾನೆಲ್ ಬಂದು ಹೋಗುತ್ತದೆ, ಇದು ಮಾತ್ರ 24 ಗಂಟೆಯೂ ನಿಲ್ಲದೆ ಇರುತ್ತದೆ. ಹೊಸ ಜಾಗದಲ್ಲಿ ಯಾವುದು ಕಂಟ್ರೋಲ್ ಚಾನೆಲ್ ಅಂತ ಪತ್ತೆ ಹಚ್ಚಲು ಇದೇ ಗುರುತು.

ಎಲ್ಲ ಟ್ರಂಕಿಂಗೂ ಒಂದೇ ಥರ ಅಲ್ಲ

ಪ್ರೋಗ್ರಾಂ ಮಾಡುವಾಗ ಸೆಟ್ ಕೇಳುವ ಮೊದಲ ಪ್ರಶ್ನೆ: ಯಾವ ಜಾತಿಯ ಸಿಸ್ಟಮ್? ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಅಮೆರಿಕದಲ್ಲಿ ಈಗ ಜಾಸ್ತಿ ಇರುವುದು ಪಿ25. ಮೇಲೆ ಹೇಳಿದ 501ರ ಲೆಕ್ಕ ಇದರದ್ದೇ. ಇದು ಡಿಜಿಟಲ್, ಕಂಟ್ರೋಲ್ ಚಾನೆಲ್ಲಿನಲ್ಲಿ ಸೆಕೆಂಡಿಗೆ 9600 ಬಿಟ್ ಹರಿಯುತ್ತದೆ. ಇದರ ಎರಡನೇ ಹಂತದಲ್ಲಿ ಒಂದೇ ಫ್ರೀಕ್ವೆನ್ಸಿಯ ಸಮಯವನ್ನು ಎರಡು ಪಾಲು ಮಾಡಿ ಎರಡು ಮಾತು ಸಾಗಿಸುತ್ತಾರೆ. ಹಾಗಾಗಿ ಮೊದಲ ಹಂತವಷ್ಟೇ ಬರುವ ಹಳೆಯ ಸ್ಕ್ಯಾನರ್ ಕಂಟ್ರೋಲ್ ಚಾನೆಲ್ ಓದುತ್ತದೆ, ಗುಂಪಿನ ನಂಬರೂ ತೋರಿಸುತ್ತದೆ, ಆದರೆ ಮಾತು ಬರುವುದಿಲ್ಲ. ಹಳೆಯ ಸೆಟ್ ಕೊಳ್ಳುವವರು ಇದೊಂದನ್ನು ವಿಚಾರಿಸಲೇಬೇಕು.

ಇದಕ್ಕಿಂತ ಹಿಂದಿನದು ಮೊಟೊರೊಲಾದ ಟೈಪ್ 2. ಅದರ ಕಂಟ್ರೋಲ್ ಚಾನೆಲ್ 3600 ಬಿಟ್‌ನದು. ಗುಂಪಿನ ನಂಬರುಗಳು ಹದಿನಾರರ ಮಗ್ಗಿಯಲ್ಲಿ ಬರುತ್ತವೆ: 1600, 1616, 1632 ಹೀಗೆ. ನಡುವಿನ ನಂಬರುಗಳು ಆಯಾ ಗುಂಪಿನ ಸ್ಥಿತಿ ಹೇಳುತ್ತವೆ. 1616ರ ಬದಲು 1618 ಕಂಡರೆ ಆ ಗುಂಪಿನಲ್ಲಿ ಯಾರೋ ತುರ್ತು ಗುಂಡಿ ಒತ್ತಿದ್ದಾರೆ ಅಂತ. ಗೊತ್ತಿಲ್ಲದವರು ಇದನ್ನು ಹೊಸ ಗುಂಪು ಅಂತ ಬರೆದುಕೊಂಡುಬಿಡುತ್ತಾರೆ.

ಇಡಾಕ್ಸ್ ಅನ್ನುವುದು ಇನ್ನೊಂದು ಜಾತಿ, ಮತ್ತು ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಇದರ ಮೈಕಿನಲ್ಲಿ ಫ್ರೀಕ್ವೆನ್ಸಿಯೂ ಇಲ್ಲ, ಲೆಕ್ಕದ ಸೂತ್ರವೂ ಇಲ್ಲ. ‘4ಕ್ಕೆ ಹೋಗಿ’ ಅಷ್ಟೇ. 4 ಅಂದರೆ ಯಾವ ಫ್ರೀಕ್ವೆನ್ಸಿ ಅಂತ ಸ್ಕ್ಯಾನರಿಗೆ ನಾವು ಮೊದಲೇ ಹೇಳಿರಬೇಕು. ಈ ಕ್ರಮಸಂಖ್ಯೆಗೇ ಎಲ್‌ಸಿಎನ್ ಅನ್ನುವುದು. ಫ್ರೀಕ್ವೆನ್ಸಿಗಳೆಲ್ಲ ಸರಿಯಾಗಿದ್ದು ಕ್ರಮ ತಪ್ಪಿದರೂ ಕೆಟ್ಟಿತು. ತೆರೆಯ ಮೇಲೆ ಅಗ್ನಿಶಾಮಕ ಅಂತ ಬರುತ್ತದೆ, ಕೇಳಿಸುವುದು ಕಸದ ಲಾರಿಯವರ ಮಾತು. ಎಲ್‌ಟಿಆರ್ ಎಂಬ ಹಳೆಯ ವ್ಯವಸ್ಥೆಗೂ ಈ ಕ್ರಮ ಬೇಕು. ಅದರಲ್ಲಿ ಬೇರೆ ಕಂಟ್ರೋಲ್ ಚಾನೆಲ್ಲೇ ಇಲ್ಲ, ಪ್ರತಿ ಚಾನೆಲ್ಲಿನ ಮಾತಿನ ಅಡಿಯಲ್ಲೇ ಕಿವಿಗೆ ಕೇಳದಂಥ ಸಣ್ಣ ಡೇಟಾ ಹರಿಯುತ್ತಿರುತ್ತದೆ.

ಇನ್ನು ಡಿಎಂಆರ್ ಮತ್ತು ಟೆಟ್ರಾ ಎಂಬ ಎರಡು ಡಿಜಿಟಲ್ ಜಾತಿಗಳು. ಡಿಎಂಆರ್‌ನ ಮೂರನೇ ದರ್ಜೆ ಮಾತ್ರ ಪೂರ್ತಿ ಟ್ರಂಕಿಂಗ್, ಎರಡನೇ ದರ್ಜೆ ಸಾದಾ ರಿಪೀಟರ್, ಅಂದರೆ ಬಂದ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಬಿಡುವ ಸೆಟ್. ಟೆಟ್ರಾ ಯುರೋಪಿನದು, 25 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್ಲಿನಲ್ಲಿ ನಾಲ್ಕು ಮಾತು ಸಾಗುತ್ತವೆ. ನಮ್ಮ ದೇಶದಲ್ಲಿ ದೆಹಲಿ ಮೆಟ್ರೋ ಬಳಸುವುದು ಇದನ್ನೇ. ಅಮೆರಿಕದಿಂದ ಬಂದ ಯುನಿಡೆನ್ ಸ್ಕ್ಯಾನರ್ ಟೆಟ್ರಾವನ್ನು ಓದುವುದೇ ಇಲ್ಲ. ಅದರಲ್ಲಿ ಎಷ್ಟು ಗುಂಡಿ ಒತ್ತಿದರೂ ಪ್ರಯೋಜನವಿಲ್ಲ.

ಪ್ರೋಗ್ರಾಂ ಮಾಡುವ ಕ್ರಮ

ಈಗ ಅಮೆರಿಕದಲ್ಲಿರುವ ಮಗಳ ಮನೆಗೆ ಆರು ತಿಂಗಳು ಹೋಗಿದ್ದೀರಿ, ಅಲ್ಲಿ ಒಂದು ಸ್ಕ್ಯಾನರ್ ಇದೆ, ಆ ಊರಿನ ಪಿ25 ಸಿಸ್ಟಮ್ ಕೇಳಬೇಕು ಅಂತಿಟ್ಟುಕೊಳ್ಳಿ. ಗುಪ್ತಲಿಪಿ ಹಾಕದ ಇಂಥ ಸಾರ್ವಜನಿಕ ಸೇವೆಯ ಮಾತು ಕೇಳುವುದಕ್ಕೆ ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅವಕಾಶವಿದೆ. ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೆ ತಡೆ ಇದೆ.

ಮೊದಲು ಸಿಸ್ಟಮ್ ಅಂತ ಒಂದು ಮಾಡಿ ಜಾತಿ ಪಿ25 ಅಂತ ಆರಿಸಬೇಕು. ಅದರ ಒಳಗೆ ಸೈಟ್. ಒಂದು ಸಿಸ್ಟಮ್ ಇಡೀ ರಾಜ್ಯಕ್ಕೆ ಹಬ್ಬಿರಬಹುದು, ಸೈಟ್ ಅಂದರೆ ಅದರ ಒಂದು ಟವರು ಅಥವಾ ಒಟ್ಟಿಗೆ ಕೆಲಸ ಮಾಡುವ ಕೆಲವು ಟವರುಗಳು. ನಿಮಗೆ ಹತ್ತಿರದ್ದನ್ನು ಮಾತ್ರ ಹಾಕಿ. ದೂರದ ಹತ್ತು ಸೈಟ್ ತುಂಬಿಸಿದರೆ ಸ್ಕ್ಯಾನರ್ ಒಂದೊಂದನ್ನೂ ತಟ್ಟಿ ನೋಡುತ್ತಾ ಹೊತ್ತು ಕಳೆಯುತ್ತದೆ, ಅಷ್ಟರಲ್ಲಿ ಹತ್ತಿರದ ಮಾತು ತಪ್ಪಿಹೋಗುತ್ತದೆ.

ಸೈಟಿನ ಒಳಗೆ ಫ್ರೀಕ್ವೆನ್ಸಿ. ಪಿ25ಗೆ ಕಂಟ್ರೋಲ್ ಚಾನೆಲ್ ಸಾಕು, ಉಳಿದದ್ದನ್ನು ಅದೇ ಹೇಳುತ್ತದೆ. ಆದರೆ ಕಂಟ್ರೋಲ್ ಚಾನೆಲ್ ಯಾವಾಗಲೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇರಬೇಕೆಂದಿಲ್ಲ. ಬದಲಿ ಅಂತ ಇನ್ನೂ ಎರಡು ಮೂರು ಇಟ್ಟಿರುತ್ತಾರೆ, ರಿಪೇರಿಗೋ ಇನ್ನೇನಕ್ಕೋ ಅಲ್ಲಿಗೆ ಬದಲಾಯಿಸುತ್ತಾರೆ. ಒಂದನ್ನೇ ಹಾಕಿಕೊಂಡವರ ಸ್ಕ್ಯಾನರ್ ನಿನ್ನೆ ಮಾತಾಡಿ ಇವತ್ತು ಮೂಕವಾಗುವುದು ಇದಕ್ಕೇ. ಬದಲಿಗಳನ್ನೂ ಸೇರಿಸಿ.

ಆಮೇಲೆ ಟಾಕ್‌ಗ್ರೂಪ್‌ಗಳು. ಇಲ್ಲಿ ಎರಡು ದಾರಿ. ಗೊತ್ತಿರುವ ನಂಬರುಗಳನ್ನು ಮಾತ್ರ ಹಾಕಿ ಅವನ್ನಷ್ಟೇ ಕೇಳುವುದು ಒಂದು. ಬಂದದ್ದನ್ನೆಲ್ಲ ಕೇಳಿ ನಂಬರ್ ಗುರುತು ಮಾಡಿಕೊಳ್ಳುವ ಹುಡುಕಾಟ ಇನ್ನೊಂದು. ಹೊಸಬರು ಹುಡುಕಾಟದಿಂದ ಶುರು ಮಾಡಲಿ ಅನ್ನುವುದು ನನ್ನ ಸಲಹೆ. ನಂಬರ್ ತೆರೆಯ ಮೇಲೆ ಬರುತ್ತದೆ, ಮಾತು ಕೇಳಿ ಇದು ಯಾರು ಅಂತ ಊಹಿಸಿ, ಒಂದು ನೋಟ್‌ಬುಕ್ಕಿನಲ್ಲಿ ನಂಬರ್, ಹೊತ್ತು, ಏನು ಮಾತು ಅಂತ ಬರೆಯುತ್ತಾ ಹೋದರೆ ಸ್ವಲ್ಪ ದಿನದಲ್ಲಿ ಆ ಊರಿನ ನಾಡಿಬಡಿತವೇ ಸಿಕ್ಕಿಬಿಡುತ್ತದೆ: ಶಾಲೆಯ ಬಸ್ಸು ಯಾವುದು, ಹಿಮ ಗೋರುವ ಲಾರಿ ಯಾವುದು, ಆಂಬುಲೆನ್ಸಿನವರು ಆಸ್ಪತ್ರೆಗೆ ಹೇಳುವುದು ಯಾವುದರಲ್ಲಿ. ಬೇಡವಾದ ಗುಂಪನ್ನು ಲಾಕ್‌ಔಟ್ ಮಾಡಿ, ಅಂದರೆ ಸ್ಕ್ಯಾನರ್ ಮತ್ತೆ ಅದರ ಹಿಂದೆ ಹೋಗದಂತೆ ತಡೆಯಿರಿ.

ಡಿಲೇ ಅಂತ ಒಂದು ಸೆಟ್ಟಿಂಗ್ ಇದೆ, ಜನ ಇದನ್ನು ಕಡೆಗಣಿಸುತ್ತಾರೆ. ಒಬ್ಬರು ಮಾತು ನಿಲ್ಲಿಸಿದ ಮೇಲೆ ಸ್ಕ್ಯಾನರ್ ಅದೇ ಗುಂಪಿಗಾಗಿ ಎಷ್ಟು ಸೆಕೆಂಡ್ ಕಾಯಬೇಕು ಅನ್ನುವುದು ಅದು. ಸೊನ್ನೆ ಇಟ್ಟರೆ ಪ್ರಶ್ನೆ ಕೇಳಿಸುತ್ತದೆ, ಉತ್ತರ ಬರುವಷ್ಟರಲ್ಲಿ ಸೆಟ್ ಬೇರೆ ಗುಂಪಿನ ಹಿಂದೆ ಹೋಗಿರುತ್ತದೆ. ಎರಡು ಸೆಕೆಂಡ್ ಇಟ್ಟರೆ ಸಂಭಾಷಣೆ ಸಂಭಾಷಣೆಯ ಹಾಗೇ ಕೇಳಿಸುತ್ತದೆ.

ಎಲ್ಲ ಸರಿ ಇದ್ದೂ ಕೇಳಿಸುತ್ತಿಲ್ಲವೇ?

ಮೂರು ಕಾರಣ ಇರಬಹುದು, ಮೂರರಲ್ಲೂ ಪ್ರೋಗ್ರಾಮಿನ ತಪ್ಪಿಲ್ಲ.

ಮೊದಲನೆಯದು, ಆ ಗುಂಪಿನವರು ನಿಮ್ಮ ಸೈಟಿನಲ್ಲಿ ಇಲ್ಲದಿರುವುದು. ಪ್ರತಿ ಸೆಟ್ ಆನ್ ಆದಾಗ ‘ನಾನು ಈ ಟವರಿನ ಕೆಳಗಿದ್ದೇನೆ, ಈ ಗುಂಪಿನಲ್ಲಿದ್ದೇನೆ’ ಅಂತ ಹೆಸರು ಬರೆಸುತ್ತದೆ. ಯಾವ ಗುಂಪಿನ ಒಂದು ಸೆಟ್ಟೂ ನಿಮ್ಮ ಹತ್ತಿರದ ಟವರಿನಲ್ಲಿ ಹೆಸರು ಬರೆಸಿಲ್ಲವೋ ಆ ಗುಂಪಿನ ಮಾತನ್ನು ಆ ಟವರು ಸಾಮಾನ್ಯವಾಗಿ ಹೊರಗೆ ಹಾಕುವುದೇ ಇಲ್ಲ. ಕೇಳುವವರಿಲ್ಲದ ಕಡೆ ಚಾನೆಲ್ ಯಾಕೆ ದಂಡ ಮಾಡಬೇಕು?

ಎರಡನೆಯದು ಗುಪ್ತಲಿಪಿ. ಎಇಎಸ್-256 ಎಂಬ ಗುಪ್ತಲಿಪಿ ಹಾಕಿದ ಮಾತನ್ನು ಯಾವ ಸ್ಕ್ಯಾನರೂ ಬಿಡಿಸುವುದಿಲ್ಲ. ಗುಂಪಿನ ನಂಬರ್ ಕಾಣುತ್ತದೆ, ಮಾತು ಇಲ್ಲ. ಅದನ್ನು ಲಾಕ್‌ಔಟ್ ಮಾಡಿ ಮುಂದೆ ಹೋಗುವುದೊಂದೇ ದಾರಿ.

ಮೂರನೆಯದು ನಮ್ಮ ಮಲೆನಾಡಿನವರ ಅನುಭವಕ್ಕೆ ಉಲ್ಟಾ ಹೊಡೆಯುವಂಥದ್ದು. ನಮಗೆ ಸಿಗ್ನಲ್ ಅಂದರೆ ಎತ್ತರ. ಇಂಥ ರೇಡಿಯೋ ಅಲೆಗಳು ಹೆಚ್ಚುಕಮ್ಮಿ ನೇರಕ್ಕೆ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ಮುಗಿಯಿತು. 1343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಿಂದ ಲೆಕ್ಕದ ಪ್ರಕಾರ ಸುಮಾರು 150 ಕಿಲೋಮೀಟರ್‌ವರೆಗೆ ರೇಡಿಯೋದ ದಿಗಂತ ಸಿಗುತ್ತದೆ, ಕೆಳಗೆ ಕಣಿವೆಯ ಅಡಿಕೆ ತೋಟದಲ್ಲಿ ಪಕ್ಕದ ಊರಿನ ಟವರೂ ಸಿಗುವುದಿಲ್ಲ. ಆದರೆ ಅಮೆರಿಕದ ಎಷ್ಟೋ ಸಿಸ್ಟಮ್‌ಗಳಲ್ಲಿ ಹಲವು ಟವರುಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಒಂದೇ ಮಾತನ್ನು ಒಂದೇ ಕ್ಷಣದಲ್ಲಿ ಬಿಡುತ್ತವೆ. ಇದಕ್ಕೆ ಸೈಮಲ್‌ಕಾಸ್ಟ್ ಅನ್ನುತ್ತಾರೆ. ಪಿ25ರ ಮೊದಲ ಹಂತದಲ್ಲಿ ಸೆಕೆಂಡಿಗೆ 4800 ಚಿಹ್ನೆ ಬರುತ್ತವೆ, ಅಂದರೆ ಒಂದೊಂದಕ್ಕೆ ಸುಮಾರು 208 ಮೈಕ್ರೋಸೆಕೆಂಡ್. ಒಂದು ಟವರು ಇನ್ನೊಂದಕ್ಕಿಂತ 20 ಕಿಲೋಮೀಟರ್ ದೂರ ಇದ್ದರೆ ಅದರ ಸಿಗ್ನಲ್ 67 ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ಒಂದು ಚಿಹ್ನೆಯ ಮೂರನೇ ಒಂದು ಭಾಗದಷ್ಟು ಹಿಂದೆ! ಎರಡೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಮಾತು ಮಾತ್ರ ತುಂಡು ತುಂಡು.

ಇಲ್ಲಿ ಎತ್ತರಕ್ಕೆ ಹೋದರೆ ಇನ್ನೂ ನಾಲ್ಕು ಟವರು ಕಣ್ಣಿಗೆ ಬಿದ್ದು ಪರಿಸ್ಥಿತಿ ಕೆಡುತ್ತದೆ. ಮಾಡಬೇಕಾದದ್ದು ಒಂದೇ ಟವರು ಜೋರಾಗಿ ಕೇಳುವಂತೆ ನೋಡಿಕೊಳ್ಳುವುದು. ಸೆಟ್ಟನ್ನು ಮನೆಯ ಇನ್ನೊಂದು ಬದಿಗೆ, ಗೋಡೆಯ ಮರೆಗೆ ತನ್ನಿ. ಒಂದೇ ದಿಕ್ಕಿಗೆ ಮುಖ ಮಾಡುವ ಯಾಗಿ ಆಂಟೆನಾ ಹತ್ತಿರದ ಟವರಿಗೆ ತಿರುಗಿಸಿ. ಯುನಿಡೆನ್ 2018ರಲ್ಲಿ ತಂದ ಎಸ್‌ಡಿಎಸ್100 ಸ್ಕ್ಯಾನರಿನ ಒಳಗಿನ ರಿಸೀವರನ್ನೇ ಬೇರೆ ರೀತಿ ಕಟ್ಟಿದ್ದು ಮುಖ್ಯವಾಗಿ ಈ ತೊಂದರೆಗೆ.

ಡಾಂಗಲ್‌ನಲ್ಲೂ ಇದೇ ಕೆಲಸ

ಆರ್‌ಟಿಎಲ್-ಎಸ್‌ಡಿಆರ್ ಎಂಬ ಡಾಂಗಲ್ ಮೂಲದಲ್ಲಿ ಟಿವಿ ನೋಡಲು ಮಾಡಿದ್ದು. 2012ರ ಹೊತ್ತಿಗೆ ಹವ್ಯಾಸಿಗಳು ಅದರ ಚಿಪ್‌ನಿಂದ ಕಚ್ಚಾ ಸಿಗ್ನಲ್ ಹೊರಗೆ ತೆಗೆಯಬಹುದು ಅಂತ ಕಂಡುಕೊಂಡರು. ಅಲ್ಲಿಂದ ಅದೊಂದು ಅಗ್ಗದ ರೇಡಿಯೋ ಆಯಿತು. ಇದು ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲವನ್ನು ಒಟ್ಟಿಗೇ ನೋಡುತ್ತದೆ. ಒಂದು ಸಿಸ್ಟಮಿನ ಎಲ್ಲ ಚಾನೆಲ್ಲುಗಳೂ ಅಷ್ಟರೊಳಗೆ ಬಂದರೆ ಒಂದೇ ಡಾಂಗಲ್ ಸಾಕು. ಕಂಟ್ರೋಲ್ ಚಾನೆಲ್ 851ರಲ್ಲಿ, ಮಾತು 858ರಲ್ಲಿ ಅಂತಿದ್ದರೆ ಎರಡು ಬೇಕು. ಎಸ್‌ಡಿಆರ್‌ಟ್ರಂಕ್, ಒಪಿ25 ಮುಂತಾದ ಉಚಿತ ತಂತ್ರಾಂಶಗಳು ಉಳಿದ ಕೆಲಸ ಮಾಡುತ್ತವೆ. ಸ್ಕ್ಯಾನರಿಗಿಂತ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಕಂಟ್ರೋಲ್ ಚಾನೆಲ್ಲಿನ ಪ್ರತಿ ಕೂಗೂ ಸಾಲು ಸಾಲಾಗಿ ಪರದೆಯ ಮೇಲೆ ಕಾಣುತ್ತದೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಕಣ್ಣೆದುರು ನಡೆಯುವುದನ್ನು ನೋಡಬಹುದು. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಮ್ಮಲ್ಲಿ ಏನು ಮಾಡಬಹುದು, ಏನು ಕೂಡದು

ಮೇಲೆ ಹೇಳಿದ ಕೇಳುವ ಅವಕಾಶ ಅಮೆರಿಕದ್ದು. ಅದನ್ನು ಇಲ್ಲಿಗೆ ತಂದುಕೊಳ್ಳುವ ಹಾಗಿಲ್ಲ. ನಮ್ಮ 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ 2024ರ ಜೂನ್ 26ರಿಂದ ಜಾರಿಯಲ್ಲಿದೆ. ಬೇರೆಯವರ ಸಂದೇಶವನ್ನು ಕಾನೂನುಬಾಹಿರವಾಗಿ ನಡುವೆ ಹಿಡಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹಾಗಾಗಿ ಪೊಲೀಸರದ್ದೋ ಇನ್ಯಾವ ಇಲಾಖೆಯದ್ದೋ ರೇಡಿಯೋ ಹುಡುಕುವ ಪ್ರಯತ್ನಕ್ಕೇ ಹೋಗಬೇಡಿ. ವೈರ್‌ಲೆಸ್ ಉಪಕರಣ ಹೊರದೇಶದಿಂದ ತರುವುದಕ್ಕೂ ನಿಯಮಗಳಿವೆ, ಅವನ್ನು ನೋಡಿಕೊಳ್ಳುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಮಕ್ಕಳು ಸೂಟ್‌ಕೇಸಿಗೆ ಹಾಕುವ ಮೊದಲೇ ಅಲ್ಲಿ ವಿಚಾರಿಸಿದರೆ ಒಳ್ಳೆಯದು.

ತೋಟದಲ್ಲಿ, ಜಾತ್ರೆಯಲ್ಲಿ, ಚಾರಣದಲ್ಲಿ ಮಾತಾಡಿಕೊಳ್ಳಲು ವಾಕಿಟಾಕಿ ಬೇಕು ಅನ್ನುವವರಿಗೆ 2018ರಿಂದ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ಬೇಡ. ಸೆಟ್ಟಿಗೆ ಸರ್ಕಾರದ ಅನುಮೋದನೆ ಇರಬೇಕು. ಅದು ಟ್ರಂಕಿಂಗ್ ಅಲ್ಲ, ಸಾದಾ ಚಾನೆಲ್.

ರೇಡಿಯೋದ ಒಳಗನ್ನೇ ಅರಿಯಬೇಕು ಅನ್ನುವವರಿಗೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದೆ. ಡಬ್ಲ್ಯುಪಿಸಿಯ ಪರೀಕ್ಷೆ ಬರೆದು ಪಾಸಾದರೆ ವಿಯು2, ವಿಯು3 ಅಂತ ಶುರುವಾಗುವ ಕರೆಹೆಸರು ಸಿಗುತ್ತದೆ. 144ರಿಂದ 146 ಮೆಗಾಹರ್ಟ್ಸ್‌ನಂಥ ಬ್ಯಾಂಡುಗಳಲ್ಲಿ ಕೇಳುವುದಷ್ಟೇ ಅಲ್ಲ, ಮಾತಾಡಲೂಬಹುದು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಹ್ಯಾಮ್‌ಗಳು ಕಲ್ಪೆಟ್ಟದಲ್ಲಿ ರೇಡಿಯೋ ಹೂಡಿ ಸಂಪರ್ಕಕ್ಕೆ ನೆರವಾದರು. ಮಳೆಗಾಲದಲ್ಲಿ ಕರೆಂಟು, ಮೊಬೈಲು ಎರಡೂ ಕೈಕೊಡುವ ನಮ್ಮ ಕಡೆಯ ಊರುಗಳಿಗೆ ಇಂಥವರು ಎಷ್ಟಿದ್ದರೂ ಕಡಿಮೆ ಅಂತ ನನಗನ್ನಿಸುತ್ತದೆ.

ಟ್ರಂಕಿಂಗನ್ನೇ ಕೈಯಾರೆ ನೋಡಿ ಕಲಿಯಬೇಕು ಅನ್ನುವ ವಿದ್ಯಾರ್ಥಿಗಳಿಗೆ ಹೊರದೇಶಗಳಲ್ಲಿ ಹವ್ಯಾಸಿಗಳು ಕಾನೂನುಬದ್ಧವಾಗಿ ರೆಕಾರ್ಡ್ ಮಾಡಿಟ್ಟ ಕಚ್ಚಾ ಸಿಗ್ನಲ್ಲಿನ ಫೈಲುಗಳು ಸಿಗುತ್ತವೆ. ಎಸ್‌ಡಿಆರ್‌ಟ್ರಂಕ್‌ಗೆ ಡಾಂಗಲ್ ಬದಲು ಆ ಫೈಲನ್ನೇ ಉಣಿಸಬಹುದು. ಆಂಟೆನಾ ಬೇಡ, ಡಾಂಗಲ್ ಬೇಡ. ಕಂಟ್ರೋಲ್ ಚಾನೆಲ್ಲಿನ ಸಾಲುಗಳು ಪರದೆಯಲ್ಲಿ ಓಡುವಾಗ ಒಂದು ಸಾಲು ನಿಲ್ಲಿಸಿ, ಅದರ ಚಾನೆಲ್ ನಂಬರ್ ತೆಗೆದುಕೊಂಡು, ಹೆಜ್ಜೆಯಿಂದ ಗುಣಿಸಿ, ಶುರುವಿನ ಫ್ರೀಕ್ವೆನ್ಸಿಗೆ ಕೂಡಿ ನೋಡಿ. ತಂತ್ರಾಂಶ ತೋರಿಸುವ ಫ್ರೀಕ್ವೆನ್ಸಿಗೆ ನಿಮ್ಮ ಉತ್ತರ ತಾಳೆಯಾದರೆ ಮುಂದೆ ಯಾವ ಸ್ಕ್ಯಾನರ್ ಕೈಗೆ ಬಂದರೂ ಪ್ರೋಗ್ರಾಂ ಮಾಡಲು ನಿಮಗೆ ಕಷ್ಟವಾಗುವುದಿಲ್ಲ.